ಇಳಾ ಕಾಣದ ಕುದುರೆ

೨೦೬೧ರ ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್ ತುಮಕೂರಿನಲ್ಲಿ ನಡೆದಿತ್ತು. ಕೊನೆಯ ಸುತ್ತಿನ ಆಟ ಡ್ರಾ ಆದ ಕೂಡಲೇ ವಿಜ್ಞಾನಿ ಯಶೋಧರ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಹಣೆಯಿಂದ ಊಹಾಲೇಖಿಯ ಪಟ್ಟಿಗಳನ್ನು ಬಿಚ್ಚಿಕೊಂಡರು. ಆಟಗಾರರು ಮನಸ್ಸಿನಲ್ಲೇ ಕಾಯಿ ನಡೆಸಿ ನೋಡುವಾಗ ಮಿದುಳಿನಲ್ಲಿ ಏಳುವ ಸೂಕ್ಷ್ಮ ವಿದ್ಯುತ್ತನ್ನು ಹಿಡಿದು, ಆಟ ಮುಗಿದ ಮೇಲೆ ತೆರೆಯ ಮೇಲೆ ಗೆರೆಗಳಾಗಿ ಮೂಡಿಸುವ ಯಂತ್ರ ಅದು. ಆಡಿದ ನಡೆಗಳನ್ನು ಊರೇ ನೋಡುತ್ತದೆ. ಈ ಯಂತ್ರ ಆಡದೆ ಬಿಟ್ಟವನ್ನೂ ತೋರಿಸುತ್ತಿತ್ತು.

ಅವರಲ್ಲಿ ಒಬ್ಬಳಾದ ಇಳಾಳಿಗೆ ಯಂತ್ರದ ಮೇಲೆ ಗಮನವೇ ಇರಲಿಲ್ಲ. ಅರ್ಧ ಅಂಕ ಮುಂದಿದ್ದ ಎದುರಾಳಿ ಹಂಸಿನಿಗೆ ಡ್ರಾ ಸಾಕಾಗಿತ್ತು. ಐದನೇ ಸಲ ಕಪ್ ಅವಳ ಪಾಲಾಯಿತು. ಗೆಲ್ಲಲೇಬೇಕಿದ್ದ ಇಳಾ, ಸೋತೇಹೋಗುತ್ತೇನೆಂದು ಹೆದರಿ, ಹಂಸಿನಿ ಡ್ರಾ ಕೇಳಿದ್ದೇ ತಡ ಕೈ ಚಾಚಿದ್ದಳು. ಒಂದೇ ಗುರುವಿನ ಬಳಿ ಕಲಿತವರು, ಒಂದೇ ಡಬ್ಬಿಯಲ್ಲಿ ಉಂಡವರು. ಆದರೇನು, ಸುದ್ದಿಯಲ್ಲಿ ಹಂಸಿನಿಯ ಹೆಸರು ಕಂಡ ದಿನ ಇಳಾಳಿಗೆ ಅನ್ನ ಸೇರುತ್ತಿರಲಿಲ್ಲ.

ವಾಡಿಕೆಯಂತೆ ಇಬ್ಬರೂ ಕಾಯಿಗಳನ್ನು ಮತ್ತೆ ಜೋಡಿಸಿ, ಎಲ್ಲಿ ಏನಾಯಿತೆಂದು ನೋಡತೊಡಗಿದರು.

“ಇಲ್ಲಿ ನೀನು ಕುದುರೆ ಬಲಿ ಕೊಟ್ಟಿದ್ರೆ ನನ್ನ ಕತೆ ಮುಗೀತಿತ್ತು ಕಣೇ. ಅದಕ್ಕೇ ಡ್ರಾ ಕೇಳ್ದೆ,” ಎಂದಳು ಹಂಸಿನಿ.

ಆ ನಡೆ ಇಳಾಳಿಗೆ ಹೊಳೆದೇ ಇರಲಿಲ್ಲ. ಆದರೂ ಚದುರಂಗದವರೆಲ್ಲ ಹೇಳುವ ಹಳೆಯ ಸುಳ್ಳು ತಾನಾಗಿಯೇ ಬಾಯಿಗೆ ಬಂತು.

“ನೋಡಿದ್ದೆ ಬಿಡು. ಯಾಕೋ ಬೇಡ ಅನ್ನಿಸ್ತು.”

ಅಷ್ಟರಲ್ಲಿ ತೆರೆ ಬೆಳಗಿತು. ಇಳಾ ಕೊನೆಯ ಇಪ್ಪತ್ತು ನಿಮಿಷ ಯೋಚಿಸಿದ ಗೆರೆಗಳಲ್ಲಿ ಒಂದೂ ಆ ಕುದುರೆಯಿಂದ ಹೊರಟಿರಲಿಲ್ಲ. ಎಲ್ಲವೂ ಹಂಸಿನಿಯ ಕಾಯಿಗಳವು.

“ಮೇಡಂ, ನೀವು ಮನಸ್ಸಲ್ಲಿ ಪೂರ್ತಿ ಅವ್ರ ಆಟಾನೇ ಆಡಿದೀರಿ,” ಎಂದರು ಯಶೋಧರ, ಮೆಲ್ಲಗೆ. “ಅವ್ರು ನಿಮ್ಮದನ್ನ ಆಡಿದಾರೆ.”

ಹಂಸಿನಿಯ ತೆರೆಯ ತುಂಬ ಇಳಾಳ ಕುದುರೆಯೇ ಹಾರಾಡುತ್ತಿತ್ತು. ಹಂಸಿನಿ ತಲೆ ತಗ್ಗಿಸಿದಳು.

“ನಿನ್ನ ಆಟ ಕಂಡ್ರೆ ನಂಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು. ಏನು ಮಾಡ್ಲಿ ಹೇಳು?”

ಹಂಸಿನಿಯ ತಲೆಯೊಳಗಿನ ಆ ಇಳಾ ಕುದುರೆ ಕೊಟ್ಟು ಕಪ್ ಗೆದ್ದುಬಿಟ್ಟಿದ್ದಳು. ಈಗ ಇಳಾಳಿಗೆ ಆ ಇನ್ನೊಬ್ಬ ಇಳಾಳ ಮೇಲೂ ಹೊಟ್ಟೆ ಉರಿಯಿತು.

ಯಶೋಧರ ಪಟ್ಟಿಗಳನ್ನು ಮಡಿಸುತ್ತ, “ಇದು ಬರೋಕೆ ಮುಂಚೆ ಆಟಗಾರರು ಏನು ಮಾಡ್ತಿದ್ರೋ,” ಎಂದರು.

“‘ನೋಡಿದ್ದೆ’ ಅನ್ನೋರು. ಎದುರಿಗೆ ಕೂತಿದ್ದೋರನ್ನ ಬೈಕೊಂಡು ಮನೆಗೆ ಹೋಗೋರು,” ಎಂದಳು ಇಳಾ. “ಈಗ ನಾನು ಯಾರನ್ನ ಬೈಕೊಂಡು ಹೋಗ್ಲಿ, ಸಾರ್?”