ಸೇಬಿಲ್ಲದ ಮೂಲೆ

"ಓವನ್ ಸರಿಯಾಗೇ ಇದೆ, ಮೇಡಂ."

ಮೇಧಾಗೆ ಮೈಯೆಲ್ಲ ಉರಿದುಹೋಯಿತು. ಬಸವೇಶ್ವರನಗರದಿಂದ ವಿಜಯನಗರದವರೆಗೆ ಆ ಭಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಿದ್ದಳು. ರಸ್ತೆಯ ಪ್ರತಿ ಹಂಪ್‌ಗೂ ಅದರ ಮೂಲೆ ಹೊಟ್ಟೆಗೆ ಚುಚ್ಚಿತ್ತು. ಎಡಗೈಯ ಎರಡು ಬೆರಳು ಬೊಬ್ಬೆ ಎದ್ದಿದ್ದವು. ಇಷ್ಟೆಲ್ಲ ಆದಮೇಲೆ ಈ ಮನುಷ್ಯ ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಸರಿಯಾಗಿದೆ ಅನ್ನುತ್ತಾನಲ್ಲ!

"ಸರಿ ಇದ್ರೆ ನನ್ನ ಕೇಕ್ ಮೂರು ಸಲ ಯಾಕೆ ಕೆಟ್ಟೋಯ್ತು?"

ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ.

"ಅದು ಓವನ್‌ನ ಕೇಳೋ ಪ್ರಶ್ನೆ ಅಲ್ಲ ಅನ್ಸುತ್ತೆ."

ಪಕ್ಕದ ಅಂಗಡಿಯ ಟೈಲರ್ ಅಂಜಿನಯ್ಯ ಹೊಲಿಗೆ ಮೆಷಿನ್ ನಿಲ್ಲಿಸಿ ನಕ್ಕೇಬಿಟ್ಟ. ಮೇಧಾಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬೋರ್ಡಿನ ಮೇಲೆ 'ಶ್ಯಾಮಸುಂದರ ಎಲೆಕ್ಟ್ರಿಕಲ್ಸ್' ಅಂತಿತ್ತು. ಆ ಹೆಸರು ಓದಿದಾಗ ಅವಳು ನಿರೀಕ್ಷಿಸಿದ್ದು ದಪ್ಪ ಕನ್ನಡಕದ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರನ್ನು. ಇವನಿಗೆ ಮೂವತ್ತೂ ಆಗಿರಲಿಲ್ಲ. ನೋಡಲು ಬೇರೆ ಚೆನ್ನಾಗಿದ್ದ... ಅದು ಅವಳಿಗೆ ಇನ್ನಷ್ಟು ಸಿಟ್ಟು ಬರಿಸಿತು.

ಪಾಪ, ಅವಳ ಸಿಟ್ಟಿಗೂ ಕಾರಣವಿತ್ತು. ಮನೆಯಲ್ಲಿ ಅವಳ ಕೈಯಡುಗೆಗೆ ಇದ್ದ ಹೆಸರೇ ಅಂಥದ್ದು. ಅಪ್ಪ ಗೋಪೀನಾಥ ಗಣಿತದ ಮೇಷ್ಟ್ರು. ಮಗಳು ಮಾಡಿದ್ದು ಅಂದರೆ ಮೊದಲು ಅರ್ಧ ಚಮಚ ಹಾಕಿಸಿಕೊಂಡು ನೋಡುತ್ತಿದ್ದರು. ಅಜ್ಜಿ ಇಂದ್ರಮ್ಮನಿಗೆ ಆ ಅರ್ಧ ಚಮಚದ ಧೈರ್ಯವೂ ಇರಲಿಲ್ಲ. ಕಾರ್ತಿಕದಲ್ಲಿ ಅಪ್ಪ ಅಮ್ಮನ ಮದುವೆಗೆ ಮೂವತ್ತು ವರ್ಷ ತುಂಬುವುದಿತ್ತು. ಆ ದಿನ ನಾನೇ ಆಪಲ್ ಕ್ಯಾರಮೆಲ್ ಕೇಕ್ ಮಾಡುತ್ತೇನೆ, ಮೊಟ್ಟೆ ಹಾಕದೆ, ನೀವೆಲ್ಲ ಬೆರಳು ನೆಕ್ಕಿಕೊಂಡು ತಿನ್ನುವ ಹಾಗೆ ಮಾಡುತ್ತೇನೆ ಅಂತ ಎಲ್ಲರ ಮುಂದೆ ಶಪಥ ಮಾಡಿ ಕೂತಿದ್ದಳು.

ಕೆಟ್ಟಿದ್ದು ಹೇಗೆ ಅಂತ ಶ್ಯಾಮಸುಂದರ ಬಿಡಿಸಿ ಬಿಡಿಸಿ ಕೇಳಿದ. ಕ್ಯಾರಮೆಲ್ ಮರಳುಮರಳಾಗುತ್ತದೆ ಅಂದಳು. ಸಕ್ಕರೆಗೆ ನೀರು ಹಾಕಿ, ಕೈ ಬಿಡದೆ ಕಲಕಿ, ಎರಡು ಬೆರಳಲ್ಲಿ ಅದ್ದಿ ಎಳೆ ಬಂತಾ ಅಂತ ನೋಡಿದ್ದಳಂತೆ. ರವೆ ಉಂಡೆಗೆ ಅಜ್ಜಿ ಕಲಿಸಿದ್ದು ಹಾಗೇ ತಾನೆ?

ಅವನು ಅವಳ ಬೊಬ್ಬೆ ಎದ್ದ ಬೆರಳುಗಳನ್ನು ನೋಡಿದ. ಈ ಸಲ ನಗಲಿಲ್ಲ.

"ಇದು ಉಂಡೆ ಪಾಕ ಅಲ್ಲ ಮೇಡಂ. ಇದಕ್ಕೆ ಕೈಯೇ ಹಾಕ್ಬಾರ್ದು. ಸಕ್ಕರೆನ ಅದರ ಪಾಡಿಗೆ ಬಿಟ್ಬಿಡ್ಬೇಕು, ತಾನಾಗೇ ಕೆಂಪಾಗುತ್ತೆ."

ರಿಪೇರಿಯವನಿಗೆ ಇದೆಲ್ಲ ಹೇಗೆ ಗೊತ್ತು ಅಂದಿದ್ದಕ್ಕೆ, ಸುಂಕದಕಟ್ಟೆಯ ಮನೆಯಲ್ಲಿ ಅಮ್ಮ ಕೇಕ್ ಮಾಡಿ ಮಾರುತ್ತಿದ್ದರು ಅಂದ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು ಅಂತ ಒಂದೇ ಮಾತಿನಲ್ಲಿ ಮುಗಿಸಿ, ಡ್ರಾಯರ್‌ನಿಂದ ಸುಟ್ಟಗಾಯದ ಮುಲಾಮು ತೆಗೆದು ಅವಳ ಮುಂದಿಟ್ಟ. ಗೋಡೆಯಲ್ಲಿ ಆ ತಾಯಿಯ ಫೋಟೋ ಇತ್ತು. ಅದರ ಕೆಳಗಿನ ಗೂಡಿನಲ್ಲಿ ಬಾಯಿ ಮುಚ್ಚಿದ ಒಂದು ಪುಟ್ಟ ತಾಮ್ರದ ಗಿಂಡಿ. ಮೇಧಾ ಎರಡನ್ನೂ ನೋಡಿದಳು. ನೋಡಿ ಮರೆತಳು.

ಅಲ್ಲಿಂದ ಶುರುವಾಯಿತು ನೋಡಿ.

ಪ್ರತಿ ಭಾನುವಾರ ಕೇಕ್ ಮಾಡುವುದು, ಸೋಮವಾರ ಆರ್‌ಪಿಸಿ ಲೇಔಟಿನ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬಿಡಿಸುವ ಕೆಲಸ ಮುಗಿಸಿ, ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು. ಒಂದು ವಾರ ತಳ ಸೀದಿತ್ತು. ಇನ್ನೊಂದು ವಾರ ಸೇಬು ನೀರು ಬಿಟ್ಟು ಗಂಜಿಯಾಯಿತು. ಮತ್ತೊಂದು ವಾರ ಟಿನ್ ಬೋರಲು ಹಾಕಿದಾಗ ಅರ್ಧ ಕೇಕ್ ಒಳಗೇ ಅಂಟಿಕೊಂಡು ಕೂತಿತು. ಅವಳು ಅಳುವುದೊಂದು ಬಾಕಿ. ಅವನು ಮಾತ್ರ ಬೆರಳಲ್ಲಿ ಒತ್ತಿ, ಮೂಸಿ, ಬಾಟಲಿಯಲ್ಲಿ ತಂದ ಕ್ಯಾರಮೆಲ್ಲನ್ನು ಚಮಚದಲ್ಲಿ ನೆಕ್ಕಿ, ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದ. ಕೇಕನ್ನು ಮಾತ್ರ, ಮನೇಲಿ ತಿಂತೀನಿ ಅಂತ ಪೇಪರಿನಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದ.

ಮೇಧಾಗೆ ಅದು ಬಲು ಇಷ್ಟವಾಗಿತ್ತು. ಒಬ್ಬನೇ ಇರುವ ಮನೆ, ಸಂಜೆ ಕಾಫಿ, ಜೊತೆಗೆ ನನ್ನ ಕೈಯ ಕೇಕ್... ಸೀದಿದ್ದರೂ ಬಿಸಾಡದೆ ತಿನ್ನುತ್ತಾನಲ್ಲ, ಇವನಲ್ಲದೆ ಇನ್ಯಾರು ತಿಂದಾರು? ಹೀಗೆ ಯೋಚಿಸಿ ಯೋಚಿಸಿಯೇ ಹುಡುಗಿ ನಾಲ್ಕು ತಿಂಗಳಲ್ಲಿ ಪೂರ್ತಿ ಮನಸ್ಸು ಕಳೆದುಕೊಂಡಿದ್ದಳು. ಅವನ ಕಣ್ಣಲ್ಲೂ ಅದೇ ಇತ್ತು. ಬಾಯಲ್ಲಿ ಮಾತ್ರ ಇಬ್ಬರದೂ ಇನ್ನೂ 'ನೀವು', 'ನೀವು'.

ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವದ ದಿನ ಬಂತು. ಅಮ್ಮ ಸೀತಾಗೆ ಬೆಳಿಗ್ಗೆಯೇ ಮಗಳ ಮನಸ್ಸಿನ ವಿಷಯ ಗೊತ್ತಾಗಿತ್ತು. ಅಪ್ಪನ ಕಿವಿಗೂ ಮೆಲ್ಲಗೆ ಹಾಕಿದ್ದಳು. ಹುಡುಗ ಊಟಕ್ಕೆ ಬರಲಿ, ನೋಡೋಣ ಅಂದಿದ್ದರು ಅಪ್ಪ. ಅವರದೊಂದು ನಿಯಮವಿತ್ತು: ಬಡಿಸಿದ್ದನ್ನು ಬಿಡಬಾರದು. ಮನುಷ್ಯನ ಗುಣ ಎಲೆಯ ಮುಂದೆ ಗೊತ್ತಾಗುತ್ತದೆ ಅನ್ನುವುದು ಅವರ ಸಿದ್ಧಾಂತ.

ಶ್ಯಾಮಸುಂದರ ಎಲೆಯ ಮುಂದೆ ನೂರಕ್ಕೆ ನೂರು ತೆಗೆದುಕೊಂಡ. ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ, ಉಪ್ಪಿನಕಾಯಿಯನ್ನೂ ಉಳಿಸಲಿಲ್ಲ. ಅಪ್ಪನ ಮುಖ ಅರಳಿತ್ತು.

ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ಮೇಧಾ ಕೇಕಿನ ಟಿನ್ ತಂದು ಎಲ್ಲರೆದುರು ಬೋರಲು ಹಾಕಿದಳು. ಉಸಿರು ಬಿಗಿಹಿಡಿದು ಎತ್ತಿದಳು. ಬಂತು! ಒಂದು ಚೂರೂ ಅಂಟದೆ, ಸಾಲಾಗಿ ಜೋಡಿಸಿದ ಸೇಬಿನ ಹೋಳುಗಳ ಮೇಲೆ ಕೆಂಪು ಕ್ಯಾರಮೆಲ್ ಹೊಳೆಯುತ್ತಿತ್ತು. ಅಜ್ಜಿ ಕೂಡ ಅರ್ಧ ಚಮಚದ ಮಾತೆತ್ತದೆ ತಟ್ಟೆ ಚಾಚಿದರು. ನಾಲ್ಕು ತಿಂಗಳ ಸುಟ್ಟ ಬೆರಳು, ಸೀದ ತಳ ಎಲ್ಲ ಅವಳಿಗೆ ಮರೆತುಹೋಯಿತು. ಎಲ್ಲಕ್ಕಿಂತ ದೊಡ್ಡ ತುಂಡನ್ನು ತಟ್ಟೆಗೆ ಹಾಕಿ ಶ್ಯಾಮಸುಂದರನ ಮುಂದೆ ಹಿಡಿದಳು.

ಅವನು ತಟ್ಟೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ಕೈಮುಗಿದ.

"ನನಗೆ ಬೇಡ."

ತಮಾಷೆ ಅಂದುಕೊಂಡಳು. ಒಂದು ಚೂರಾದರೂ ಅಂದಳು. ಅವನ ಮುಖ ಬಿಳುಚಿತ್ತು.

"ಸೇಬು ತಿನ್ನಲ್ಲ ನಾನು. ದಯವಿಟ್ಟು..."

ಮೈಗೆ ಆಗಿಬರುವುದಿಲ್ಲವೇ ಅಂತ ಅಪ್ಪ ಕೇಳಿದರು. ಹಾಗೇನಿಲ್ಲ ಸಾರ್ ಅಂದ. ಮತ್ತೇನು ಅಂದರು ಅಪ್ಪ. ಒಮ್ಮೆ ಅಪ್ಪ ಅಮ್ಮನ ಕೊರಳಲ್ಲಿದ್ದ ಹೂವಿನ ಹಾರ ನೋಡಿದ, ಒಮ್ಮೆ ನೆಲ ನೋಡಿದ. ಐದು ನಿಮಿಷದಲ್ಲಿ, ಬರ್ತೀನಿ ಅಂತ ಹೇಳಿ ಹೊರಟುಹೋದ. ಮೇಧಾ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

ಅಪ್ಪ ಕೂಗಾಡುವವರಲ್ಲ. ಚಮಚ ಕೆಳಗಿಟ್ಟರು.

"ಇಷ್ಟಪಟ್ಟು ಮಾಡಿದೋಳ ಎದುರಿಗೆ ತಟ್ಟೆ ಸರಿಸೋನು, ನಾಳೆ ಅವಳನ್ನೂ ಸರಿಸ್ತಾನೆ. ಇವನ ವಿಷಯ ಈ ಮನೇಲಿ ಇಲ್ಲಿಗೆ ಮುಗೀತು."

ಮರುದಿನ ಮೇಧಾ ಜಗಳ ಆಡಲೆಂದೇ ಅಂಗಡಿಗೆ ಹೋದಳು. ಅವನಿರಲಿಲ್ಲ, ಬಾಪೂಜಿ ನಗರಕ್ಕೆ ಗೀಸರ್ ಹಾಕಲು ಹೋಗಿದ್ದ. ಅಂಜಿನಯ್ಯ ಕತ್ತರಿ ಬದಿಗಿಟ್ಟು, ಈ ವಾರದ ಕೇಕ್ ತರಲಿಲ್ಲವೇ ಅಂತ ಕೇಳಿದ.

"ನಿಮಗ್ಯಾಕೆ?"

"ಅಯ್ಯೋ, ನಾಲ್ಕು ತಿಂಗಳಿಂದ ನಾನೇ ತಿಂತಿರೋದು ಕಣಮ್ಮ. ನೀನು ಆ ಕಡೆ ಹೋಗ್ತಿದ್ದ ಹಾಗೇ ತಂದು ನನಗೇ ಕೊಡ್ತಾನೆ. ಆ ಸೀದಿದ್ದೂ ತಿಂದಿದೀನಿ."

ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಹಾಗಾದರೆ ಆ ಕಾಫಿ, ಆ ಸಂಜೆ, ಆ ಕನಸು ಎಲ್ಲ ಟೈಲರ್ ಅಂಗಡಿಗೆ ಹೋಗಿತ್ತೇ? ಒಂದು ತುತ್ತು, ಒಂದೇ ಒಂದು ತುತ್ತೂ ಅವನು ತಿಂದಿರಲಿಲ್ಲವೇ! ಬಸ್‌ಸ್ಟಾಪಿನಲ್ಲಿ ನಿಂತೇ ಅವನ ನಂಬರ್ ಬ್ಲಾಕ್ ಮಾಡಿದಳು. ಮನೆಗೆ ಬಂದು ಓವನ್ನನ್ನು ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿಸಿದಳು. ಆ ವಾರವಿಡೀ ಅವಳು ಎಲ್ಲರ ಮೇಲೂ ರೇಗಿದಳು. ಫ್ರಿಜ್ಜಿನಲ್ಲಿ ಉಳಿದ ಎರಡು ಸೇಬನ್ನು ಕಂಡರೂ ಅವಳಿಗೆ ಸಿಟ್ಟು.

ಭಾನುವಾರ ಅಮ್ಮ ಹಾಗಲಕಾಯಿ ಗೊಜ್ಜು ಮಾಡಿದ್ದಳು. ಅಜ್ಜಿ ಎಂದಿನಂತೆ ಕೈ ಅಡ್ಡ ಹಿಡಿದು, ಕಾಶಿಯಲ್ಲಿ ಬಿಟ್ಟು ಬಂದಿದ್ದೀನಲ್ಲೇ ಅಂದರು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಗೆ ಬಿಟ್ಟು ಬರುತ್ತಾರೆ, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ. ಆ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಅವತ್ತು ಮೇಧಾಗೆ ಸುಮ್ಮನಿರಲು ಆಗಲಿಲ್ಲ.

"ನಿಮಗೆ ಹಾಗಲಕಾಯಿ ಯಾವತ್ತಾದ್ರೂ ಇಷ್ಟ ಇತ್ತಾ ಅಜ್ಜಿ? ದೇವರಿಗೂ ಮೋಸ."

ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ.

"ಊರೆಲ್ಲ ಹಾಗೇ ಮಾಡೋದು ಕಣೇ. ನಿಜವಾಗ್ಲೂ ಇಷ್ಟ ಇರೋದನ್ನ ಬಿಟ್ಟು ಬರೋ ಪೆದ್ದ ಯಾರಾದ್ರೂ..."

ಮಾತು ಅರ್ಧಕ್ಕೇ ನಿಂತಿತು. ಅಜ್ಜಿಯ ಕೈ ಅನ್ನದ ಮೇಲೆ ಹಾಗೇ ಇತ್ತು.

"ಮೇಧಾ, ಆ ಹುಡುಗ ಅವರಮ್ಮನ ಅಸ್ಥಿ ಬಿಡೋಕೆ ಎಲ್ಲಿಗೆ ಹೋಗಿದ್ದ?"

ಫೋಟೋದ ಕೆಳಗಿನ ತಾಮ್ರದ ಗಿಂಡಿ ಮೇಧಾಳ ಕಣ್ಣಿಗೆ ಕಟ್ಟಿತು. ಅಂಥದ್ದೇ ಇನ್ನೊಂದು ಗಿಂಡಿ ಅಜ್ಜಿಯ ದೇವರ ಮನೆಯಲ್ಲಿತ್ತು. ಗಂಗಾಜಲದ್ದು. ದಿನಾ ಕಾಣುವ ವಸ್ತು, ಅಲ್ಲಿ ಕಂಡಾಗ ಹೊಳೆಯಲೇ ಇಲ್ಲವಲ್ಲ!

"ಹಾರ ಹಾಕ್ಕೊಂಡು ಕೂತೋರ ಮುಂದೆ ಆ ಮಗು ಅಸ್ಥಿ ವಿಚಾರ ಹೇಗೆ ಬಾಯಿ ಬಿಡುತ್ತೆ? ಅಷ್ಟು ತಿಳಿವಳಿಕೆ ಇರೋನು ಅವನು," ಅಂದರು ಅಜ್ಜಿ.

ಮೇಧಾಗೆ ಅಳುವೂ ಬಂತು, ಕೋಪವೂ ಬಂತು. ನನಗೊಬ್ಬಳಿಗೆ ಹೇಳಬಹುದಿತ್ತಲ್ಲ? ನಾಲ್ಕು ತಿಂಗಳು ಏನು ಬಾಯಿಗೆ ಬೀಗ ಹಾಕಿಕೊಂಡಿದ್ದನೇ? ಅಪ್ಪ ಊಟ ಮುಗಿಸಿದರು. ಕೈ ತೊಳೆದು ಬಂದವರು ತಾವೇ ಸ್ಟೂಲು ಹಾಕಿ ಅಟ್ಟದಿಂದ ಓವನ್ ಇಳಿಸಿದರು.

ಆ ಮಧ್ಯಾಹ್ನ ಅವಳು ಸಕ್ಕರೆಯನ್ನು ಕಲಕಲಿಲ್ಲ. ತಾನಾಗೇ ಕೆಂಪಾಗುವವರೆಗೆ ಕೈಕಟ್ಟಿ ನಿಂತಳು. ಟಿನ್ನಿನಲ್ಲಿ ಸೇಬು ಜೋಡಿಸುವಾಗ ಮಾತ್ರ ಒಂದು ಮೂಲೆ ಬಿಟ್ಟಳು. ದಿನಾ ನಕ್ಷೆಯಲ್ಲಿ ಗೋಡೆ ಎಳೆಯುವವಳು ಅವತ್ತು ಫಾಯಿಲ್ ಮಡಚಿ ಕೇಕಿನೊಳಗೇ ಗೋಡೆ ಕಟ್ಟಿದಳು. ಸೇಬಿನ ರಸವೂ ಆ ಕಡೆ ಹರಿಯಬಾರದು.

ಸೋಮವಾರ ಸಂಜೆ ಅಂಗಡಿಯ ಮುಂದೆ ಅಪ್ಪನ ಸ್ಕೂಟರ್ ನಿಂತಿತು. ಶ್ಯಾಮಸುಂದರ ಗಾಬರಿಯಿಂದ ಎದ್ದು ನಿಂತ. ಅಪ್ಪ ಅವನ ಭುಜದ ಮೇಲೆ ಒಮ್ಮೆ ಕೈಯಿಟ್ಟು, ಪಕ್ಕದ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು.

ಮೇಧಾ ಡಬ್ಬಿಯ ಮುಚ್ಚಳ ತೆಗೆದಳು. ಅವನ ಮುಖ ಬಾಡಿತು.

"ಮೇಧಾ, ನಾನು ಇದನ್ನ..."

"ಗೊತ್ತು. ಕಾಶಿಲಿ ಬಿಟ್ಟಿದೀಯ. ಆ ಮೂಲೇಲಿ ಸೇಬಿಲ್ಲ."

ಮೊದಲ ಸಲ 'ನೀನು' ಅಂದಿದ್ದಳು. ಇಬ್ಬರಿಗೂ ಅದು ಗೊತ್ತಾಯಿತು.

ಅವನು ಆ ಖಾಲಿ ಮೂಲೆಯನ್ನು ನೋಡಿದ. ಆಮೇಲೆ ನಿಧಾನವಾಗಿ ಹೇಳತೊಡಗಿದ. ಸ್ಕೂಲಿಂದ ಬರುವಷ್ಟರಲ್ಲಿ ಅಮ್ಮ ದಿನವೂ ಒಂದು ಸೇಬು ಹೆಚ್ಚಿ, ಉಪ್ಪು ಖಾರ ಹಾಕಿ, ತಟ್ಟೆ ಮುಚ್ಚಿ ಇಟ್ಟಿರುತ್ತಿದ್ದಳಂತೆ. ದೊಡ್ಡವನಾಗಿ ಅಂಗಡಿ ಹಾಕಿದ ಮೇಲೂ ಆ ತಟ್ಟೆ ತಪ್ಪಲಿಲ್ಲ.

"ಕಾಶಿಲಿ ಜೊತೆಗಿದ್ದೋರೆಲ್ಲ ಹಾಗಲಕಾಯಿ, ಸುವರ್ಣಗೆಡ್ಡೆ ಅಂದ್ರು. ಅಮ್ಮನಿಗೋಸ್ಕರ ಬಿಡೋದು, ಅದ್ರಲ್ಲಿ ಹೇಗೆ ಮೋಸ ಮಾಡ್ಲಿ? ನನಗೆ ತುಂಬಾ ಇಷ್ಟ ಇದ್ದಿದ್ದು ಅದೊಂದೇ."

"ನನಗ್ಯಾಕೆ ಹೇಳ್ಲಿಲ್ಲ?" ಅಂದಳು.

"ಮೊದಲನೇ ಸಲ ತಂದಾಗ ನಿನ್ನ ಬೆರಳಿನ ಗಾಯ ಇನ್ನೂ ಮಾಗಿರ್ಲಿಲ್ಲ. ತಿನ್ನಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳಿದ್ರೆ ನೀನು ತರೋದೇ ನಿಲ್ಲಿಸ್ತೀಯ ಅನ್ನೋ ಭಯ... ಸೋಮವಾರ ಬಂದ್ರೆ ನೀನು ಬರ್ತೀಯ ಅಂತಾನೇ ನಾನು ವಾರ ಎಲ್ಲ ಕಾಯ್ತಿದ್ದೆ. ಕೇಕಿಗಲ್ಲ ಮೇಧಾ, ನಿನಗೆ."

ಎಷ್ಟು ಸಿಟ್ಟು ಕೂಡಿಟ್ಟುಕೊಂಡು ಬಂದಿದ್ದಳು! ಸೇಬಿಲ್ಲದ ಮೂಲೆಯನ್ನು ಮುರಿದು ಅವನ ಕೈಗಿಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಅವನ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ.

ಪಕ್ಕದ ಬೆಂಚಿನಲ್ಲಿ ಅಂಜಿನಯ್ಯ ಡಬ್ಬಿಯಿಂದ ಸೇಬಿದ್ದ ಭಾಗದ ತುಂಡು ತೆಗೆದು ಅಪ್ಪನ ಕೈಗೆ ಕೊಟ್ಟು, ನಾಲ್ಕು ತಿಂಗಳ ಕೇಕುಗಳ ಇತಿಹಾಸ ಹೇಳುತ್ತಿದ್ದ. ಅಪ್ಪ ಅರ್ಧ ಚಮಚ ಅನ್ನಲಿಲ್ಲ, ಇನ್ನೊಂದು ತುಂಡು ಕೇಳಿದರು.

"ಹೇಗಿದೆ?" ಅಂದಳು ಮೇಧಾ.

"ನಾಲ್ಕು ತಿಂಗಳು ಅಂಜಿನಯ್ಯಂಗೆ ಕೊಟ್ನಲ್ಲ ಅಂತ ಹೊಟ್ಟೆ ಉರೀತಿದೆ."

"ಉರೀಲಿ."

ಅವನು ಅವಳ ಎಡಗೈ ಹಿಡಿದುಕೊಂಡ. ಆ ಎರಡು ಬೆರಳುಗಳ ಮೇಲೆ ಮಾಸಿದ ಕಲೆ ಇನ್ನೂ ಇತ್ತು.

"ಮೇಧಾ... ಇನ್ಮೇಲೆ ಪ್ರತಿ ಸಲಾನೂ ನನಗೆ ಅಂತ ಒಂದು ಮೂಲೆ ಬಿಡ್ತೀಯಾ?"

"ಬಿಡ್ತೀನಿ. ಆದ್ರೆ ನನ್ನ ಮನೇಲಿ, ನನ್ನೆದುರಿಗೆ ಕೂತು ತಿನ್ಬೇಕು. ಪೇಪರಲ್ಲಿ ಸುತ್ತೋ ಹಾಗಿಲ್ಲ."