ಕೃಷ್ಣಾನಂದ ಮಾಸ್ತರರ ಕಡೇ ದಾನ

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಹೆಣ ಇರಲಿಲ್ಲ. ಬಿಳಿ ಹೊದಿಕೆಯ ಅಡಿಯಲ್ಲಿ ಒಂದು ಬಾಳೆದಿಂಡು ಮಲಗಿತ್ತು. ಸುತ್ತ ಅರ್ಧ ಕರಗಿದ ಮಂಜುಗಡ್ಡೆ.

ಹೆಣ ಹೇರಿಕೊಂಡು ಹುಬ್ಬಳ್ಳಿಗೆ ಹೊರಡಬೇಕಾಗಿದ್ದ ಮೀನಿನ ಲಾರಿಯ ಡ್ರೈವರ್ ಹೊನ್ನಾವರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. ಬಾಳೆದಿಂಡಾದರೂ ಬಾಡಿಗೆ ಅಷ್ಟೇ, ಎಂದ.

ಫೌಜದಾರ ಮಾಬ್ಲೇಶ್ವರನಿಗೆ ನಗು ಬರಲಿಲ್ಲ. ಭಟ್ಕಳದಲ್ಲಿ ಮಂತ್ರಿಗಳ ಬಂದೋಬಸ್ತು ಮುಗಿಸಿ ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಕರೆ ಬಂದಿತ್ತು. ತೆಂಗಿನಕಾಯಿ, ಎಮ್ಮೆ, ಬಲೆ, ಇನ್ನೊಬ್ಬರ ಹೆಂಡತಿ, ಎಲ್ಲದರ ಕಳವನ್ನೂ ಅವನು ಕಂಡಿದ್ದ. ಹೆಣದ ಕಳವು ಇದೇ ಮೊದಲು.

ಸತ್ತವರು ಕರ್ಕಿಯ ಕೃಷ್ಣಾನಂದ ಮಾಸ್ತರರು. ಮಕ್ಕಳಿಲ್ಲ. ತೋಟ ಮಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಕೊಟ್ಟರು. ಪುಸ್ತಕಗಳನ್ನು ಅಲ್ಲಿಯ ಗ್ರಂಥಾಲಯಕ್ಕೆ ಕೊಟ್ಟರು. ಕಡೆಗೆ ದೇಹವನ್ನು ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟು ಮೊನ್ನೆ ಕಣ್ಣು ಮುಚ್ಚಿದರು. ಡಾಕ್ಟರ್ ವನಮಾಲಾ ಮಾಸ್ತರರದೇ ವಿದ್ಯಾರ್ಥಿವೇತನದಲ್ಲಿ ಓದಿ ಇದೇ ಆಸ್ಪತ್ರೆಗೆ ಬಂದವಳು.

"ನಿಮಗೆ ಇದು ಬರೀ ಹೆಣ," ಎಂದಳು ಅವಳು. "ನಾವು ಹತ್ತು ಜನ ಒಂದೇ ದೇಹದ ಮೇಲೆ ಕಲಿತವರು. ನನ್ನ ಪಾಲಿಗೆ ಬಂದದ್ದು ಎಡಗೈ. ಹೊಟ್ಟೆಯೊಳಗೆ ಎಂತ ಇದೆ ಅಂತ ಚಿತ್ರದಲ್ಲಿ ನೋಡಿದೆ. ಹೋದ ವರ್ಷ ನನ್ನ ಕೈಯಲ್ಲಿ ಮಂಕಿ ಊರಿನ ಬಸುರಿಯೊಬ್ಬಳು ಸತ್ತಳು. ಮಾಸ್ತರರಿಗೆ ಅದನ್ನು ಹೇಳಿದ್ದೆ. ಮರುವಾರವೇ ಬರೆದುಕೊಟ್ಟರು."

ಪೆಟ್ಟಿಗೆ ಇಟ್ಟಿದ್ದ ಕೋಣೆಯ ಕೀಲಿ ಇದ್ದದ್ದು ಜವಾನ ಕುಪ್ಪನ ಹತ್ತಿರ. ಕುಪ್ಪ ಬಾಯಿ ಬಿಡಲಿಲ್ಲ. ಕೀಲಿ ನನ್ನ ಸೊಂಟದಲ್ಲೇ ಇತ್ತು, ತಪ್ಪು ನಂದೇ, ಎಂದಷ್ಟೇ ಹೇಳಿ ತಾನಾಗಿ ಜೀಪು ಹತ್ತಿದ. ಡಾಕ್ಟರು ಅವನ ಮೇಲೆ ಫಿರ್ಯಾದು ಕೊಟ್ಟಳು. ಸಂಜೆಯೊಳಗೆ ಹೆಣ ಸಿಗದಿದ್ದರೆ ಅವನು ಕಾರವಾರದ ಜೈಲಿಗೆ. ನೌಕರಿಯೂ ಹೋದಂತೆಯೇ. ಲಾಕಪ್ಪಿನ ಹೊರಗೆ ಅವನ ಹೆಂಡತಿ ಸುಬ್ಬಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅಳಲಿಲ್ಲ. ಎದ್ದೂ ಹೋಗಲಿಲ್ಲ.

* * *

ಆಸ್ಪತ್ರೆಯ ಸುದ್ದಿ ಹೊರಗೆ ಬಿಡಬೇಡಿ ಎಂದು ಹೇಳಿ ಮಾಬ್ಲೇಶ್ವರ ಕರ್ಕಿಗೆ ಹೊರಟ. ಮೊದಲು ಹೋದದ್ದು ಮಾಸ್ತರರ ತಮ್ಮ ವಿಘ್ನೇಶ್ವರನ ಮನೆಗೆ. ದೇಹದಾನ ನಿಲ್ಲಿಸಬೇಕೆಂದು ಎಲ್ಲ ಕಚೇರಿಗಳ ಮೆಟ್ಟಿಲು ಹತ್ತಿ ಕೂಗಾಡಿದವನು ಅವನು. ಗಾಡಿ ಇದೆ, ಆಳು ಇದೆ, ಸಿಟ್ಟಂತೂ ಇದ್ದೇ ಇದೆ.

ವಿಘ್ನೇಶ್ವರ ಜಗಲಿಯಲ್ಲಿ ಗೋಡೆಗೆ ಒರಗಿದ್ದ. ಮುಖ ಬಾಡಿತ್ತು. ಒಳಗೆ ಮಕ್ಕಳು ಅವಲಕ್ಕಿಗಾಗಿ ಕಿತ್ತಾಡುತ್ತಿದ್ದವು.

"ಲಾರಿ ಹೋತಾ?" ಎಂದು ಅವನೇ ಕೇಳಿದ.

"ಹೊರಟಿದೆ," ಎಂದ ಮಾಬ್ಲೇಶ್ವರ. "ಮಕ್ಕಳಿಗೆ ಅನ್ನ ಇಲ್ವಾ?"

"ಅಣ್ಣನ್ನ ಸುಡದೆ ಒಲೆಗೆ ಬೆಂಕಿ ಹಾಕೂದು ಹ್ಯಾಂಗೆ? ಮೊನ್ನೆಯಿಂದ ನೆಂಟರು ತಂದುಕೊಟ್ಟದ್ದೇ. ಇನ್ನು ಅವನನ್ನು ಯಾವಾಗ ಸುಡ್ತಾರೋ, ಸುಡ್ತಾರೋ ಇಲ್ವೋ. ಪುರೋಹಿತರಿಗೂ ಗೊತ್ತಿಲ್ಲ. ಕಾಲೇಜಿನವರನ್ನೇ ಕೇಳಬೇಕು."

ಮಾಬ್ಲೇಶ್ವರ ಕೊಟ್ಟಿಗೆಗೆ ಹೋಗಿ ಗಾಡಿ ನೋಡಿದ. ಗಾಡಿಯೊಳಗೆ ಕೋಳಿ ಕಾವಿಗೆ ಕೂತಿತ್ತು; ಗಾಡಿ ಕದಲಿ ದಿನಗಳಾಗಿದ್ದವು.

* * *

ಮಾಸ್ತರರ ಮನೆ ಹೊಳೆಯ ಕಡೆಗೆ. ದೂರದಿಂದಲೇ ಮಾಡಿನ ಹಂಚಿನ ಸಂದಿಯಿಂದ ಹೊಗೆ ಏಳುವುದು ಕಂಡಿತು. ಮಾಬ್ಲೇಶ್ವರ ಜೀಪು ನಿಲ್ಲಿಸಿದ. ಮುಂದೆ ಹೋಗಲು ಮನಸ್ಸಾಗಲಿಲ್ಲ.

ಬೇಲಿಯಾಚೆ ಪಕ್ಕದ ಮನೆಯ ಗಂಗೆ ಪಾತ್ರೆ ತಿಕ್ಕುತ್ತಿದ್ದಳು. ನಿನ್ನೆಯವರೆಗೆ ಮಾಸ್ತರರ ಹೆಂಡತಿಗೆ ಊಟ ಕೊಟ್ಟದ್ದು ತಾನೇ ಎಂದಳು. ಇವತ್ತು ಬೆಳಿಗ್ಗೆ ತಗೊಂಡು ಹೋದರೆ ಇನ್ನು ಬೇಡ ಅಂದರಂತೆ.

ಮಹಾಲಕ್ಷ್ಮಿಯಮ್ಮ ಬಾಗಿಲಿಗೆ ಬಂದರು. ತಲೆಗೂದಲು ಇನ್ನೂ ಒದ್ದೆ.

"ಮಾಸ್ತರರ ದೇಹ ಕಾಣೆಯಾಗಿದೆ, ಅಮ್ಮ."

"ಹೌದಾ," ಎಂದರು. ಎಲ್ಲಿ, ಯಾವಾಗ ಎಂದು ಕೇಳಲಿಲ್ಲ.

ಮಾಬ್ಲೇಶ್ವರ ಜಗಲಿಯ ಅಂಚಿನಲ್ಲಿ ಕೂತ. ನಿಂತು ಹೇಳುವ ಮಾತಾಗಿರಲಿಲ್ಲ.

"ಕದ್ದದ್ದು ನಿಮ್ಮ ಮೈದುನನೇ ಆಗಿದ್ದರೆ ಇಷ್ಟರಲ್ಲಿ ಸುಟ್ಟು, ಮಿಂದು, ಮಕ್ಕಳಿಗೆ ಅನ್ನ ಹಾಕ್ತಿದ್ದ. ಅವನ ಒಲೆ ತಣ್ಣಗಿದೆ. ಅಣ್ಣ ಇನ್ನೂ ಬೆಂಕಿ ಕಂಡಿಲ್ಲ ಅಂತ ನಂಬಿದ್ದಾನೆ. ನಿಮ್ಮ ಒಲೆ ನಾನು ಸುದ್ದಿ ತರುವ ಮೊದಲೇ ಹೊತ್ತಿದೆ."

"ಲಾರಿ ಬೆಳಿಗ್ಗೆ ಹೋಗ್ತದೆ ಅಂತ ಗೊತ್ತಿತ್ತು."

"ಲಾರಿ ಹತ್ತಿಸಿದರೆ ಸುಟ್ಟ ಹಾಗೆ ಆಗ್ತದಾ?"

ಒಳಗೆ ಅನ್ನ ಉಕ್ಕಿ ಬೆಂಕಿಗೆ ಬಿದ್ದು ಚುರ್ರೆಂದಿತು. ಅವರು ಒಳಗೆ ಹೋಗಿ ಪಾತ್ರೆ ಇಳಿಸಿ ಬಂದರು.

"ನಿನ್ನೆ ಸಂಜೆ ಕಡೇ ಸಲ ನೋಡ್ತೇನೆ ಅಂತ ಕೀಲಿ ಕೇಳಿದೆ. ಕುಪ್ಪ ಕೊಟ್ಟ. ಪೆಟ್ಟಿಗೆಯಲ್ಲಿ ಬಾಳೆದಿಂಡು ಮಲಗಿಸಿ, ಅವರನ್ನು ದೋಣಿಯಲ್ಲಿ ತಂದು ಸಮುದ್ರದಂಡೆಯಲ್ಲಿ ನಾನೇ ಬೆಂಕಿ ಕೊಟ್ಟೆ. ಹೊತ್ತವರ ಹೆಸರು ಕೇಳಬೇಡಿ."

"ಯಾಕೆ ಮಾಡಿದ್ರಿ ಅಮ್ಮ? ಅವರಿಗೆ ಕೊಡುವ ಮನಸ್ಸಿತ್ತಲ್ಲ."

"ಅವರಿಗಿತ್ತು. ತೋಟ ಕೊಟ್ಟಾಗ ನನ್ನನ್ನು ಕೇಳಲಿಲ್ಲ. ಪುಸ್ತಕ ಗಾಡಿಗೆ ಹಾಕುವಾಗ ಹಗ್ಗ ಹಿಡಿ ಅಂದರು, ಹಿಡಿದೆ. ಒಳ್ಳೇದಕ್ಕೇ ಕೊಟ್ಟರು. ನಾಲ್ಕು ಮಕ್ಕಳು ಓದಿದವು, ಇಲ್ಲ ಅನ್ನೂದಿಲ್ಲ. ನನಗೆ ಅಂತ ಉಳಿದದ್ದು ಒಂದು ಹಿಡಿ ಬೂದಿ. ಅದನ್ನೂ ಕೊಟ್ಟುಬಿಟ್ಟಿದ್ದರು."

ಹೆಂಡತಿ ಗಂಡನ ಹೆಣ ಸುಟ್ಟರೆ ಹಾಕುವ ಕಾನೂನಿನ ಕಲಮು ಮಾಬ್ಲೇಶ್ವರನಿಗೆ ನೆನಪಾಗಲಿಲ್ಲ. ಕುಪ್ಪನ ಮೇಲೆ ಹಾಕುವ ಕಲಮುಗಳು ಬೇಕಾದಷ್ಟಿದ್ದವು.

ಕುಪ್ಪ ಲಾಕಪ್ಪಿನಲ್ಲಿದ್ದಾನೆ ಎಂದ. ಮಹಾಲಕ್ಷ್ಮಿಯಮ್ಮ ಆಗ ಮಾತ್ರ ಬೆಚ್ಚಿದರು. ಬಾಗಿಲು ಎಳೆದುಕೊಂಡು ಅವನಿಗಿಂತ ಮೊದಲೇ ಜೀಪಿನಲ್ಲಿ ಕೂತರು.

* * *

ಠಾಣೆಯಲ್ಲಿ ವನಮಾಲಾ ಎಲ್ಲವನ್ನೂ ಕೇಳಿಸಿಕೊಂಡಳು. ಗುರುಪತ್ನಿಯ ಮುಖ ನೋಡಲಿಲ್ಲ. ಫಿರ್ಯಾದು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದಳು. ಕೀಲಿ ಕೊಟ್ಟವನು ಕೊಟ್ಟವನೇ. ಕಾಲೇಜಿನಲ್ಲಿ ಹುಡುಗರು ಈ ವರ್ಷವೂ ಚಿತ್ರ ನೋಡಿ ಕಲಿಯಬೇಕು, ಅದಕ್ಕೆ ಯಾರು ಜವಾಬು?

"ಹೆಂಗಸಿನ ದೇಹ ಆದರೆ ಆಗ್ತದಾ?" ಎಂದು ಮಹಾಲಕ್ಷ್ಮಿಯಮ್ಮ ಕೇಳಿದರು.

ವನಮಾಲಾ ತಲೆ ಎತ್ತಿದಳು.

"ನಾನು ಸತ್ತ ಮೇಲೆ ತಗೊಂಡು ಹೋಗು, ಕೂಸೆ. ಕದಿಯೋರು ಯಾರೂ ಇಲ್ಲ. ಅವರು ಕೊಟ್ಟದ್ದೆಲ್ಲ ನಮ್ಮಿಬ್ಬರದು. ಇದು ನನ್ನೊಬ್ಬಳದು."

ವನಮಾಲಾ ಪೆನ್ನು ತೆಗೆದಳು.

"ಬರೆದು ಕೊಡ್ತೀರಾ, ಅಮ್ಮ?"

"ಕೊಡ್ತೆ. ಮೊದಲು ಕುಪ್ಪನ್ನ ಬಿಡಿಸು."

ವನಮಾಲಾ ಮಾಬ್ಲೇಶ್ವರನ ಕಡೆ ನೋಡಿ, ಫಿರ್ಯಾದು ಬೇಡ ಎಂದು ತಲೆ ಅಲ್ಲಾಡಿಸಿದಳು. ಅವನು ಎದ್ದು, ಸುಬ್ಬಿಯನ್ನು ದಾಟಿ ಹೋಗಿ, ಲಾಕಪ್ಪಿನ ಬೀಗ ತೆಗೆದ.