ನಿನ್ನೆಯ ಬಟ್ಟಲು

"ಇವತ್ತಿಂದು ಇವತ್ತು ಕೊಡಲ್ಲ."

ಅವನು ತಲೆ ಎತ್ತದೆಯೇ ಹೇಳಿದ. ಅವನ ಹಿಂದೆ ಹಲಗೆಯ ಮೇಲೆ ಮೂವತ್ತು ಮಣ್ಣಿನ ಬಟ್ಟಲುಗಳು ಸಾಲಾಗಿ ಆರುತ್ತಿದ್ದವು. ಬಿಸಿ ಹಾಲು ಮತ್ತು ಸುಟ್ಟ ಸಕ್ಕರೆಯ ವಾಸನೆ ರಸ್ತೆಯ ತನಕ ಬಂದು ಅವಳನ್ನು ಒಳಗೆ ಕರೆದಿತ್ತು.

"ಕಣ್ಣೆದುರೇ ಇಷ್ಟು ಬಟ್ಟಲಿವೆ," ಎಂದಳು.

"ಇವೆ."

"ಒಂದು ಕೊಡಿ."

"ನಾಳೆ ಬನ್ನಿ."

"ನಂಗೆ ನಾಲ್ಕು ಗಂಟೆಗೆ ಬಸ್ಸಿದೆ."

"ಹಾಗಾದ್ರೆ ಬಸ್ಸು ಹತ್ತಿ."

ಗಲ್ಲಾದ ಹಿಂದೆ ಕೂತಿದ್ದ ಹೆಂಗಸು ನಕ್ಕಳು. ಅವನ ಚಿಕ್ಕಮ್ಮ. "ಬೇಜಾರು ಮಾಡ್ಕೋಬೇಡಮ್ಮ. ನಮ್ಮವನು ಅಡುಗೆ ಕಲಿತ, ಮಾತು ಕಲೀಲಿಲ್ಲ. ನಿನ್ನೆ ಮಾಡಿದ್ದು ಹತ್ತು ಗಂಟೆಗೇ ಖಾಲಿಯಾಯ್ತು."

ಅವಳಿಗೆ ಸಿಟ್ಟು ಬಂದಿತ್ತು. ಆದರೆ ಕಾಲು ಹೊರಗೆ ಹೋಗಲಿಲ್ಲ.

ಪ್ರವಾಸಿಗರಿಗಾಗಿ ಕೈಪಿಡಿಗಳನ್ನು ಹೊರತರುವ ಕಚೇರಿಯೊಂದರಲ್ಲಿ ಅವಳು ರುಚಿ ನೋಡುವವಳು. ಆ ವರ್ಷದ ಪುಸ್ತಕ ಸುಟ್ಟಕೆನೆಯ ಬಗ್ಗೆ. ಆ ನದಿಯ ದಂಡೆಯ ಹದಿನಾಲ್ಕು ಊರುಗಳಲ್ಲಿ ಮಾತ್ರ ಸಿಗುವ ಸಿಹಿ ಅದು. ಬಟ್ಟಲಿನ ತಳಕ್ಕೆ ಸುಟ್ಟ ಸಕ್ಕರೆ, ಅದರ ಮೇಲೆ ಕಾಯಿಸಿ ಗಟ್ಟಿ ಮಾಡಿದ ಹಾಲು ಮತ್ತು ಮೊಟ್ಟೆ. ಬೆಂದ ಮೇಲೆ ತಟ್ಟೆಗೆ ಬೋರಲು ಹಾಕಿ ಕೊಡುತ್ತಾರೆ. ಪ್ರತಿ ಊರಲ್ಲೂ ನಮ್ಮದೇ ಅಸಲಿ ಅನ್ನುತ್ತಾರೆ.

ಕೆಲಸಕ್ಕೆ ಕೆಲವು ನಿಯಮಗಳಿದ್ದವು. ತಾನು ಯಾರೆಂದು ಹೇಳಬಾರದು. ಮೂರು ಚಮಚಕ್ಕಿಂತ ಹೆಚ್ಚು ತಿನ್ನಬಾರದು. ಅಂಗಡಿಯವರು ನೆಂಟರೋ ಬೇಕಾದವರೋ ಆಗಿದ್ದರೆ ಅಂಕ ಹಾಕಬಾರದು. ಪರರ ಚಮಚಕ್ಕೆ ಸೋಪಿನ ವಾಸನೆ ಇರುತ್ತದೆಂದು ಅವಳು ತನ್ನದೇ ಸ್ಟೀಲಿನ ಚಮಚವನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಿದ್ದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ 'ಮೂರು ಚಮಚ' ಎಂದು.

ಹತ್ತು ಊರು ಮುಗಿದಿದ್ದವು. ಹತ್ತರಲ್ಲೂ ತಿಂದಿದ್ದಳು. ಎಲ್ಲ ಚೆನ್ನಾಗಿತ್ತು. ಯಾವುದೂ ನೆನಪಿರಲಿಲ್ಲ.

ನಾಲ್ಕು ಗಂಟೆಯ ಬಸ್ಸು ಅವಳಿಲ್ಲದೆ ಹೋಯಿತು.

ಮರುದಿನ ಬೆಳಗ್ಗೆ ಏಳಕ್ಕೆ ಅವಳು ಕಿಟಕಿಯ ಪಕ್ಕದ ಮೇಜಿಗೆ ಕೂತಳು. ಅವನು ಬಟ್ಟಲನ್ನು ಬೋರಲು ಹಾಕಿದ. ಸುಟ್ಟ ಸಕ್ಕರೆ ಕಂದು ನೀರಾಗಿ ಕೆನೆಯ ಸುತ್ತ ಇಳಿಯಿತು. ಬಟ್ಟಲಿನ ತಳದಲ್ಲಿ ಒಂದು ಚೂರೂ ಉಳಿದಿರಲಿಲ್ಲ.

ಮೊದಲ ಚಮಚ. ಎರಡು. ಮೂರು.

ನಾಲ್ಕು... ಈ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಮೊದಲ ಸಲ ಅವಳು ತಟ್ಟೆಯನ್ನು ಕೆರೆದು ತಿಂದಳು. ತಲೆ ಎತ್ತಿದಾಗ ಅವನು ಒದ್ದೆ ಕೈಯನ್ನು ಒರೆಸುತ್ತಾ ನೋಡುತ್ತಿದ್ದ.

"ಬಸ್ಸು ಸಿಗ್ಲಿಲ್ವಾ?"

"ಸಿಕ್ತು. ಹತ್ತಲಿಲ್ಲ. ಯಾಕೆ ಒಂದು ದಿನ ಕಾಯಿಸ್ತೀರಿ?"

"ಮೊದಲ ದಿನ ಸಕ್ಕರೆ ತಳಕ್ಕೆ ಕಲ್ಲಿನ ಹಾಗೆ ಅಂಟಿರುತ್ತೆ. ಒಂದು ರಾತ್ರಿ ಬಿಟ್ರೆ ತಾನೇ ಕರಗಿ ಮೇಲೆ ಹತ್ತುತ್ತೆ. ಬೇರೆಯವರು ಅಷ್ಟು ಕಾಯಲ್ಲ. ಪಾಕ ಮಾಡಿ ಮೇಲೆ ಸುರೀತಾರೆ."

ಹತ್ತು ಊರುಗಳಲ್ಲಿ ತಿಂದದ್ದೇನೆಂದು ಅವಳಿಗೆ ಆಗ ಅರ್ಥವಾಯಿತು.

ಒಂದು ದಿನಕ್ಕೆಂದು ಉಳಿದವಳು ಐದು ದಿನ ಉಳಿದಳು. ಲಾಡ್ಜಿನ ನಲ್ಲಿ ಸೋರುತ್ತಿತ್ತು, ಹಾಸಿಗೆ ಒಂದು ಕಡೆ ಕುಸಿದಿತ್ತು. ಅವಳಿಗೆ ಅದ್ಯಾವುದೂ ತೊಂದರೆ ಅನ್ನಿಸಲಿಲ್ಲ. ಇಬ್ಬರು ಒತ್ತಿಕೊಂಡೇ ನಿಲ್ಲಬೇಕಾದ ಆ ಅಡುಗೆಮನೆಯಲ್ಲಿ ಅವನು ಒಲೆಯ ಬಾಗಿಲು ತೆಗೆದು ಬಟ್ಟಲಿನ ಅಂಚಿಗೆ ಉಗುರಿನಿಂದ ಟಕ್ಕೆಂದು ಬಡಿದು ತೋರಿಸುತ್ತಿದ್ದ. "ನೋಡಿ, ಅಂಚು ಅಲ್ಲಾಡಬಾರದು. ನಡು ಮಾತ್ರ ನಡುಗಬೇಕು. ಆಗ ತೆಗೀಬೇಕು."

ಅವಳು ಮಾಡಿದ ಮೊದಲ ಬಟ್ಟಲು ಹೆಚ್ಚು ಬೆಂದು ತೂತು ತೂತಾಯಿತು.

ಅವನು ಬೋರಲು ಹಾಕಿ ಗಂಭೀರವಾಗಿ ನೋಡಿದ. "ಸ್ನಾನಕ್ಕೆ ಇಟ್ಕೊಳ್ಳಿ. ಬೆನ್ನು ಉಜ್ಜೋಕೆ ಆಗುತ್ತೆ."

ಚಿಕ್ಕಮ್ಮ ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. ಅಂಗಡಿ ತೆರೆದ ಐದು ವರ್ಷದಲ್ಲಿ ಅವನು ಗಿರಾಕಿಯೊಬ್ಬರ ಜೊತೆ ತಮಾಷೆ ಮಾಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು.

ಹೊರಡುವ ದಿನ ಅವಳಿಂದ ತಡೆಯಲಾಗಲಿಲ್ಲ. ತಾನು ಯಾರೆಂದು ಹೇಳಿಬಿಟ್ಟಳು.

"ಮೊದಲ ದಿನವೇ ಹೇಳ್ಬಹುದಿತ್ತಲ್ಲ," ಎಂದ.

"ಹೇಳಿದ್ರೆ ಇವತ್ತಿಂದು ಇವತ್ತೇ ಕೊಡ್ತಿದ್ರಾ?"

"ಇಲ್ಲ."

ಬಸ್ಸಿನ ಕಿಟಕಿಯಿಂದ ಅವನು ಪೇಪರಿನಲ್ಲಿ ಸುತ್ತಿದ ಬಟ್ಟಲೊಂದನ್ನು ಒಳಗೆ ಕೊಟ್ಟ. "ಇವತ್ತು ತಿನ್ಬೇಡಿ."

"ಗೊತ್ತು."

"ನಾಳೆ ತಿಂದು ಫೋನ್ ಮಾಡಿ."

ಬಸ್ಸು ಹೊರಟಿತು. ಅವಳು ತೊಡೆಯ ಮೇಲೆ ಬಟ್ಟಲನ್ನೂ ಅದರ ಪಕ್ಕ ಅಂಕಪಟ್ಟಿಯನ್ನೂ ಇಟ್ಟುಕೊಂಡಳು. ಇಪ್ಪತ್ತಕ್ಕೆ ಇಪ್ಪತ್ತು ಎಂದು ಬರೆಯಲು ಪೆನ್ನು ಎತ್ತಿದವಳು ಹಾಗೇ ಕೂತಳು.

ಅಷ್ಟು ಚೆನ್ನಾಗಿದ್ದದ್ದು ಸುಟ್ಟಕೆನೆಯೋ, ಅದನ್ನು ತಿನ್ನುವಾಗ ಎದುರಿಗೆ ನಿಂತಿದ್ದವನೋ? ಪ್ರಾಮಾಣಿಕವಾಗಿ ಹೇಳುವುದಾದರೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಅಂಕ ಹಾಕುವಂತಿಲ್ಲ. ಬೇರೊಬ್ಬರು ಹೋಗಿ ತಿಂದು ಬರಬೇಕು. ಪುಸ್ತಕ ಅಚ್ಚಿಗೆ ಹೋಗಲು ಆಗ ಉಳಿದಿದ್ದದ್ದು ಹದಿನೈದು ದಿನ. ಉಳಿದ ಮೂರು ಊರೂ ಅವಳ ಪಾಲಿಗೇ ಇದ್ದವು; ಇನ್ನೊಬ್ಬರನ್ನು ಕಳಿಸಲು ಸಮಯವಿರಲಿಲ್ಲ, ಅಂಕವಿಲ್ಲದ ಅಂಗಡಿ ಪುಸ್ತಕಕ್ಕೆ ಸೇರುವುದಿಲ್ಲ.

ಅಂಕದ ಜಾಗಕ್ಕೆ ಗೀಟು ಎಳೆದು, ಕಾರಣದ ಜಾಗದಲ್ಲಿ ಎರಡು ಸಾಲು ಬರೆದಳು. ಕಚೇರಿಯ ಹಿರಿಯರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಸೀಲು ಹೊಡೆದರು.

ಮರುದಿನ ಫೋನ್ ಮಾಡಿದಳು. ಅದರ ಮರುದಿನ ಅವನೇ ಮಾಡಿದ. ಆಮೇಲೆ ಎರಡು ತಿಂಗಳು ದಿನಾ ಮಧ್ಯಾಹ್ನ ಮೂರಕ್ಕೆ ಫೋನು. ಬಟ್ಟಲುಗಳ ತಟ್ಟೆ ಒಲೆಯೊಳಗೆ ಹೋದ ಮೇಲೆ ಅವನಿಗೆ ನಲವತ್ತು ನಿಮಿಷ ಬಿಡುವು. ಹಾಲಿನವನ ಕಳ್ಳಾಟ, ಚಿಕ್ಕಮ್ಮನ ಮಂಡಿನೋವು, ಅವಳ ಲಾಡ್ಜುಗಳ ತಿಗಣೆ... ಏನೇನೋ ಮಾತಾಡಿದರು. ಆಡಬೇಕಾದದ್ದನ್ನು ಮಾತ್ರ ಆಡಲಿಲ್ಲ.

"ಪುಸ್ತಕ ಯಾವಾಗ ಬರುತ್ತೆ?" ಎಂದು ಅವನು ಆಗಾಗ ಕೇಳುತ್ತಿದ್ದ.

ಪ್ರತಿ ಸಲ ಅವಳು ಮಾತು ಬದಲಿಸುತ್ತಿದ್ದಳು. ನೀವು ಇಷ್ಟವಾದಿರಿ, ಅದಕ್ಕೇ ನಿಮ್ಮ ಅಂಗಡಿ ಪುಸ್ತಕದಲ್ಲಿಲ್ಲ. ಇದನ್ನು ಫೋನಿನಲ್ಲಿ ಯಾರಾದರೂ ಹೇಳುತ್ತಾರೆಯೇ? ಪುಸ್ತಕ ಬರುವ ಮೊದಲು ತಾನೇ ಹೋಗಿ ಎದುರಿಗೆ ಹೇಳಬೇಕು ಅಂದುಕೊಂಡಳು. ರಜೆಗೂ ಬರೆದು ಕೊಟ್ಟಳು.

ಪುಸ್ತಕ ಒಂದು ವಾರ ಮೊದಲೇ ಬಂತು.

ಆ ದಿನ ಫೋನು ಮೂರಕ್ಕೆ ಬರಲಿಲ್ಲ. ಐದಕ್ಕೆ ಬಂತು.

"ನೋಡಿದೆ," ಎಂದ. "ಹದಿಮೂರು ಊರಿದೆ. ನಮ್ಮದೊಂದಿಲ್ಲ."

"ಸ್ವಲ್ಪ ಕೇಳಿ..."

"ಚೆನ್ನಾಗಿರಲಿಲ್ಲ ಅಂದಿದ್ರೆ ಬೇಜಾರಾಗ್ತಿರಲಿಲ್ಲ. ತಟ್ಟೆ ಕೆರೆದು ತಿನ್ನೋ ನಾಟಕ ಯಾಕೆ ಮಾಡಿದ್ರಿ? ಚಿಕ್ಕಮ್ಮ ಅಂಗಡಿ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ರು... ಇರಲಿ ಬಿಡಿ."

ಕಟ್ ಆಯಿತು.

ಮತ್ತೆ ಮೂರು ಸಲ ಮಾಡಿದಳು. ಮೂರೂ ಸಲ ಎತ್ತಿದ್ದು ಚಿಕ್ಕಮ್ಮ. "ಒಲೆ ಮುಂದೆ ಇದ್ದಾನಮ್ಮ." ಮೂರನೆಯ ಸಲ ದನಿ ತಗ್ಗಿಸಿ ಹೇಳಿದಳು: "ಇನ್ನು ಮಾಡಬೇಡ ಕಣಮ್ಮ. ನಿನ್ನ ಫೋನ್ ಬಂದ ದಿನ ಅವನು ಊಟ ಮಾಡಲ್ಲ."

ಅವಳು ನಿಲ್ಲಿಸಿದಳು. ರಜೆಯನ್ನೂ ರದ್ದು ಮಾಡಿಸಿದಳು. ಬರೆದು ಕಳಿಸೋಣವೆಂದರೆ ಪ್ರತಿ ವಾಕ್ಯವೂ ತಪ್ಪಿಸಿಕೊಳ್ಳಲು ಕಟ್ಟಿದ ಕತೆಯ ಹಾಗೆ ಕಂಡಿತು.

ಒಂದು ವರ್ಷ ಹೋಯಿತು. ಅವಳೇನೂ ಸೊರಗಲಿಲ್ಲ, ಹುಚ್ಚು ಹಿಡಿಯಲಿಲ್ಲ. ಕೆಲಸ ಮಾಡಿದಳು, ಊಟ ಮಾಡಿದಳು, ಅಕ್ಕನ ಮಗುವಿಗೆ ಸ್ವೆಟರು ಕೊಂಡಳು. ಆದರೆ ಯಾವ ಊರಿನ ಯಾವ ರಸ್ತೆಯಲ್ಲಿದ್ದರೂ ಮೂರು ಗಂಟೆಗೆ ಕೈ ತಾನಾಗಿ ಫೋನಿನ ಮೇಲೆ ಹೋಗುತ್ತಿತ್ತು. ಈಗ ತಟ್ಟೆ ಒಳಗೆ ಹೋಗಿರುತ್ತದೆ. ಈಗ ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಈಗ ಎದ್ದು ಉಗುರಿನಿಂದ ಬಡಿಯುತ್ತಾನೆ... ನಲವತ್ತು ನಿಮಿಷ ಹಾಗೇ ಹೋಗುತ್ತಿತ್ತು. ಆ ನದಿಯ ಕಡೆ ಹೋದಾಗ ಎಲ್ಲಿ ಸುಟ್ಟಕೆನೆ ಸಿಕ್ಕರೂ ಕೊಂಡು ಬಟ್ಟಲಿನ ತಳ ನೋಡುತ್ತಿದ್ದಳು. ಸಕ್ಕರೆ ಕಲ್ಲಿನ ಹಾಗೆ ಅಂಟಿಕೊಂಡಿರುತ್ತಿತ್ತು.

ಪುಸ್ತಕದ ಎರಡನೆಯ ಮುದ್ರಣದ ಸಮಯ ಬಂದಾಗ ಅವಳು ಹಿರಿಯರ ಮುಂದೆ ನಿಂತಳು. "ಆ ಹನ್ನೊಂದನೇ ಊರಿಗೆ ನೀವೇ ಹೋಗಿ ಬನ್ನಿ ಸರ್."

ಅವರು ಹೋಗಿ ಬಂದರು. "ಸಾಧಾರಣ ಕಣಮ್ಮ. ಹನ್ನೊಂದು ಅಂಕ."

"ಯಾವತ್ತಿಂದು ತಿಂದ್ರಿ?"

"ಯಾವತ್ತಿಂದು ಅಂದ್ರೆ? ಬಿಸಿ ಬಿಸಿ ಇತ್ತು. ಮೇಲೆ ಪಾಕ ಸುರಿದು ಕೊಟ್ಟ."

ಅವಳ ಕಣ್ಣು ತುಂಬಿತು. "ಅವನು ಪಾಕ ಸುರಿಯೋನಲ್ಲ ಸರ್."

ಹಿರಿಯರು ಡ್ರಾಯರಿನಿಂದ ಹಳೆಯ ಫೈಲೊಂದನ್ನು ತೆಗೆದು, ಒಂದು ಕಾಗದ ಎಳೆದು ಅವಳ ಕಡೆ ತಳ್ಳಿದರು. "ಇದು ಒಂದು ವರ್ಷದಿಂದ ನನ್ನ ಮುಖ ನೋಡ್ತಾ ಕೂತಿದೆ. ಸೇರಬೇಕಾದೋರಿಗೆ ಸೇರಿಸಿ ಬಾ. ಆಫೀಸಿನ ಖರ್ಚಲ್ಲಲ್ಲ, ರಜೆ ಹಾಕಿ ಹೋಗು."

ಬೆಳಗ್ಗೆ ಎಂಟಕ್ಕೆ ಅವಳು ಅದೇ ಕಿಟಕಿಯ ಪಕ್ಕದ ಮೇಜಿಗೆ ಕೂತಳು. ಬಾಗಿಲಿನ ಹೊಸ ಬಣ್ಣ ಆಗಲೇ ಸಿಪ್ಪೆ ಏಳುತ್ತಿತ್ತು. ಚಿಕ್ಕಮ್ಮ ಅವಳನ್ನು ಕಂಡು ಅರ್ಧ ಎದ್ದು, ಅಡುಗೆಮನೆಯ ಕಡೆ ನೋಡಿ, ಮತ್ತೆ ಕೂತಳು.

ಅವನು ಹೊರಗೆ ಬಂದ. ನಿಂತ. ಒಳಗೆ ಹೋದ. ಬಿಸಿ ಬಟ್ಟಲು ತಂದು ಬೋರಲು ಹಾಕಿ, ಮೇಲೆ ಪಾಕ ಸುರಿದು ಇಟ್ಟ.

ಅವಳು ಮುಟ್ಟಲಿಲ್ಲ. "ನಿನ್ನೆಯದು ಕೊಡಿ."

"ನಿನ್ನೆಯದು ಅಂತ ಈಗ ಇಲ್ಲ. ಇವತ್ತಿಂದು ಇವತ್ತೇ."

"ಯಾಕೆ ಬಿಟ್ರಿ?"

"ಕಾಯೋದ್ರಿಂದ ಏನೋ ಸಿಗುತ್ತೆ ಅಂತ ನಂಬಿದ್ದೆ. ಒಂದ್ಸಲ ಕಾದು ನೋಡಿದೆ. ಸಾಕಾಯ್ತು."

ಅವಳು ಕಾಗದವನ್ನು ತಟ್ಟೆಯ ಪಕ್ಕ ಇಟ್ಟಳು. "ಇದನ್ನ ಓದಿ. ಆಮೇಲೆ ಹೋಗು ಅಂದ್ರೆ ಹೋಗ್ತೀನಿ."

ಅವನು ಓದಿದ. ಮತ್ತೆ ಮೊದಲಿನಿಂದ ಓದಿದ.

"ಏನೋ ಅದು?" ಚಿಕ್ಕಮ್ಮ ಗಲ್ಲಾದಿಂದ ಕೇಳಿದಳು. "ಗಟ್ಟಿಯಾಗಿ ಓದು, ನಂಗೂ ಕಿವಿ ಇದೆ."

ಅವನು ಗಂಟಲು ಸರಿ ಮಾಡಿಕೊಂಡ. "ಅಂಕ, ಇಲ್ಲ. ಕಾರಣ... ಅಡುಗೆಯವರ ಮೇಲೆ ನನಗೆ ಮನಸ್ಸಾಗಿದೆ. ಈ ಅಂಗಡಿಯ ವಿಷಯದಲ್ಲಿ ನನ್ನ ನಾಲಿಗೆಯನ್ನು ನಂಬುವಂತಿಲ್ಲ."

ಚಿಕ್ಕಮ್ಮ ಗಲ್ಲಾದ ಮೇಲೆ ಮುಂದಕ್ಕೆ ಬಾಗಿದಳು.

"ಸೀಲು ಹೊಡೆದಿದ್ದಾರಾ?" ಚಿಕ್ಕಮ್ಮ ಕೇಳಿದಳು.

"ಹೊಡೆದಿದ್ದಾರೆ."

"ಮತ್ತೆ? ಇನ್ನೇನು ಸಾಕ್ಷಿ ಬೇಕು ನಿಂಗೆ?"

ಅವನು ಕಾಗದದಿಂದ ಕಣ್ಣು ತೆಗೆಯಲಿಲ್ಲ. "ಇದು ನೀವು ಹೊರಟ ದಿನದ ತಾರೀಖು."

"ಬಸ್ಸಲ್ಲೇ ಬರೆದೆ. ಅಕ್ಷರ ಹೇಗೆ ಕುಣಿದಿದೆ ನೋಡಿ. ಇಷ್ಟವಾದೋರ ಅಂಗಡಿಗೆ ಅಂಕ ಹಾಕೋ ಹಾಗಿಲ್ಲ, ಅದು ನಮ್ಮ ನಿಯಮ."

"ಎರಡು ತಿಂಗಳು ದಿನಾ ಮಾತಾಡಿದ್ವಿ. ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಪುಸ್ತಕ ಯಾವಾಗ ಅಂತ ಕೇಳ್ತಿದ್ರಿ. ಅದರಲ್ಲಿ ನೀವಿಲ್ಲ ಅಂತ ಹೇಳೋಕೆ ಹೆದರಿದೆ. ತಪ್ಪು ನಂದೇ."

ಅವನು ಎದುರಿನ ಕುರ್ಚಿ ಎಳೆದು ಕೂತ. ಗಿರಾಕಿಗಳ ಕುರ್ಚಿಯಲ್ಲಿ ಅವನು ಎಂದೂ ಕೂತವನಲ್ಲ.

"ನಾನು ಪುಸ್ತಕಕ್ಕೆ ಕಾಯ್ತಿದ್ದೆ ಅಂದ್ಕೊಂಡ್ರಾ?" ಎಂದ ಮೆಲ್ಲಗೆ. "ಅದನ್ನ ಕೊಡೋಕೆ ನೀವೇ ಬರ್ತೀರಿ ಅಂದ್ಕೊಂಡು ಕಾಯ್ತಿದ್ದೆ. ಆಮೇಲೆ ಅದು ಅಂಚೇಲಿ ಬಂತು."

ಅವಳ ಕಣ್ಣೀರು ಪಾಕದ ಮೇಲೆ ಬಿತ್ತು.

"ಅಳ್ಬೇಡಿ. ಮೊದಲೇ ಅದು ಹನ್ನೊಂದು ಅಂಕದ್ದು. ಉಪ್ಪು ಬಿದ್ರೆ ಇನ್ನೂ ಇಳಿಯುತ್ತೆ."

"ನಿಮಗೆ ಹೇಗೆ ಗೊತ್ತು?"

"ಕನ್ನಡಕದೋರು ಪಕ್ಕದ ಮೇಜಲ್ಲಿ ಕೂತು ಬರೀತಿದ್ರು. ನಾನು ಹಿಂದಿಂದ ನೋಡಿದೆ."

ಅವಳು ಅಳುತ್ತಲೇ ನಕ್ಕಳು. ಅವನು ಎದ್ದು, ಪಾಕ ಸುರಿದ ತಟ್ಟೆಯನ್ನು ಒಳಗೆ ಒಯ್ದ. ಒಲೆಯ ಬಾಗಿಲು ತೆರೆದ ಸದ್ದು. ಉಗುರಿನ ಟಕ್. ಮೊದಲ ಬಟ್ಟಲು ಬಂದು ಹಲಗೆಯ ಮೇಲೆ ಕೂತಿತು. ಆಮೇಲೆ ಇನ್ನೊಂದು. ಮೂವತ್ತೂ ಬಂದವು.

"ಚಿಕ್ಕಮ್ಮ, ಇವತ್ತಿಂದು ಇವತ್ತು ಕೊಡಲ್ಲ."

"ಇವತ್ತು ಬಂದೋರಿಗೆ ಏನು ಹೇಳ್ಲಿ?"

"ನಾಳೆ ಬನ್ನಿ ಅನ್ನಿ."

ಚಿಕ್ಕಮ್ಮ ಗಲ್ಲಾದ ಡಬ್ಬಿಯಿಂದ ಕರವಸ್ತ್ರದ ಸಣ್ಣ ಗಂಟೊಂದನ್ನು ತೆಗೆದು ಅವಳ ಮುಂದಿಟ್ಟಳು. ಒಳಗೆ ಸ್ಟೀಲಿನ ಚಮಚ. ಬಸ್ಸಿನಲ್ಲಿ ಕಳೆದುಹೋಯಿತು ಎಂದು ಅವಳು ನಂಬಿಕೊಂಡಿದ್ದ ಚಮಚ.

"ಇಲ್ಲೇ ಬಿಟ್ಟು ಹೋಗಿದ್ದೆ ತಾಯಿ. ಒಂದ್ಸಲ ಇದರಲ್ಲಿ ಚಹಾ ಕಲಕಿದ್ದಕ್ಕೆ ಎರಡು ದಿನ ನನ್ನ ಮೇಲೆ ಮುಖ ಊದಿಸ್ಕೊಂಡಿದ್ದ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅವನ ಕಿವಿ ಕೆಂಪಾಗಿದ್ದದ್ದು ಹಿಂದಿನಿಂದಲೂ ಕಾಣುತ್ತಿತ್ತು.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಬಸ್ಸು ಎಷ್ಟಕ್ಕೆ?" ಎಂದ, ತಿರುಗದೆ.

"ವಿಚಾರಿಸಿಲ್ಲ."

"ನಾಳೆ ಬೆಳಗ್ಗೆ ಬೇಗ ಬಾ. ಹತ್ತಕ್ಕೆ ಖಾಲಿಯಾಗುತ್ತೆ."

"ನಂಗೊಂದು ಎತ್ತಿಡಲ್ವಾ?"

ಅವನು ತಿರುಗಿ ಅವಳ ಕೈಯಲ್ಲಿದ್ದ ಚಮಚವನ್ನು ನೋಡಿದ.

"ಚಮಚ ಎತ್ತಿಟ್ಟೋನು ಬಟ್ಟಲು ಎತ್ತಿಡಲ್ವಾ?"